ಹೆಬ್ಬೆಟ್ಟು

ಏಳನೆಯ ವಾರ. ಹೊಲಿಗೆ ಒಣಗಿದೆ.
ಒಳಗೆ ಎರಡು ತಿರುಪು, ಅಕ್ಕಿಕಾಳಿಗಿಂತ ತುಸು ಉದ್ದ,
ಎಕ್ಸ್‌ರೇ ಹಾಳೆಯಲ್ಲಿ ಅಚ್ಚಬಿಳಿ.
ಕಿಟಕಿಯಾಚೆ ವಾಲ್ಪರಾಯಿಸೊ
ಗುಡ್ಡದಿಂದ ಬಂದರಿನವರೆಗೆ ಮೆಟ್ಟಿಲು ಹರಡಿಕೊಂಡು ಕೂತಿದೆ.
ಎಲ್ಸಿರಾ ಇಳಿದು ಬರುತ್ತಾಳೋ ಇಲ್ಲವೋ,
ಅದಕ್ಕೇನು.

"ಟವೆಲ್ ಹಾಸಿ, ದೋನ್ಯಾ ಎಲ್ಸಿರಾ.
ಬೆರಳಿಂದ ಮುದುರಿ ಮುದುರಿ ನಿಮ್ಮತ್ತ ಎಳೆದುಕೊಳ್ಳಿ,"
ಅನ್ನುತ್ತಾಳೆ ಮಿಲ್ಯಾರಾಯ್. ವಯಸ್ಸು ಇಪ್ಪತ್ತನಾಲ್ಕು,
ಕಾಲಲ್ಲಿ ದೋಣಿಯಂಥ ಅಗಲದ ಬೂಟು.
ನಾಲ್ಕು ಬೆರಳು ಹೇಳಿದ್ದು ಕೇಳುತ್ತವೆ,
ಮೂಟೆ ಹೊರುವವರ ಹಾಗೆ ಬಾಗಿ ಎಳೆಯುತ್ತವೆ.
ಐದನೆಯದು, ಇಷ್ಟೆಲ್ಲ ಯಾರ ಸಲುವಾಗಿ ನಡೆಯಿತೋ ಆ ಮಹಾರಾಯ,
ಸೂರು ನೋಡುತ್ತ ಕೂತಿದ್ದಾನೆ,
ಉಂಡಾದ ಮೇಲೆ ಬಿಲ್ಲಿನತ್ತ ನೋಡದ ಗಿರಾಕಿ.

ಗಿರಾಕಿಗಳನ್ನು ನಾನು ಬಲ್ಲೆ.
ಮೂವತ್ತೊಂದು ವರ್ಷ ಬಂದರಿನ ಹೋಟೆಲಲ್ಲಿ
ಮೀನಿನ ಸಾರು ಬಡಿಸಿದವಳು.
ಮಾಲೀಕನ ಕಟ್ಟಳೆ: ಕಪ್ಪು ಬೂಟು, ಚೂಪು ಮೂತಿ, ಎರಡಿಂಚು ಹಿಮ್ಮಡಿ.
"ಟಕ್ ಟಕ್ ಅಂದರೇ ಊಟಕ್ಕೊಂದು ಕಳೆ" ಅನ್ನುತ್ತಿದ್ದ.
ಅವನ ಕಾಲಲ್ಲಿ ಹಳೇ ಚಪ್ಪಲಿ.
ತಪ್ಪೆಲ್ಲ ಅವನ ಮೇಲೆ ಹೊರಿಸಿ ನೆಮ್ಮದಿಯಾಗಿದ್ದೆ.
ಡಾಕ್ಟರು ಅದನ್ನೂ ಕಿತ್ತುಕೊಂಡರು:
"ಇದು ನಿಮ್ಮ ತಾಯಿಯ ಕಡೆಯಿಂದ ಬಂದದ್ದು."

ಸರಿ. ಅಮ್ಮ ಬಿಟ್ಟುಹೋದ ಗಂಟು ಇದೊಂದೇ,
ಪಾದದ ಅಂಚಿನಲ್ಲಿ.
ಬಿಚ್ಚಿದರೆ ಬರೀ ಮೂಳೆ.

ಆಮೇಲೆ ಗೋಲಿ. ಪಕ್ಕದ ಮನೆಯ ಗಾಸ್ಪಾರ್
ಸಾಲ ಕೊಟ್ಟ ಹನ್ನೆರಡು. ದಿನಾ ಸಂಜೆ ಬಂದು ಎಣಿಸುತ್ತಾನೆ,
ನನ್ನ ಮುಖ ನೋಡದೆ.
ಒಂದೊಂದನ್ನೇ ಬೆರಳಲ್ಲಿ ಕಚ್ಚಿ ಎತ್ತಿ ಬಟ್ಟಲಿಗೆ.
ನಿನ್ನೆ ಮೂರು ಬಿದ್ದವು. ಇವತ್ತು ನಾಲ್ಕನೆಯದು, ಹಸಿರು ಕಣ್ಣಿನದು,
ಹಿಡಿದೆ ಅನ್ನುವಷ್ಟರಲ್ಲಿ ಜಾರಿ
ಇಳಿಜಾರು ಊರಿನ ಇಳಿಜಾರು ನೆಲದ ಮೇಲೆ ಉರುಳಿ ಹೊಸ್ತಿಲು ದಾಟಿ
ಟಣ್
ಟಣ್
ಟಣ್
ಎಷ್ಟು ಮೆಟ್ಟಿಲೆಂದು ಎಣಿಸುತ್ತ ಕೂತೆವು ಇಬ್ಬರೂ.
ನಲವತ್ತರ ಮೇಲೆ ಕಿವಿಗೆ ಸಿಗಲಿಲ್ಲ.

"ಕಾಲು ಚಾಚಿ. ಹೆಬ್ಬೆಟ್ಟೇ ಪೆನ್ನು ಅಂದುಕೊಳ್ಳಿ.
ಗಾಳಿಯಲ್ಲಿ ಅಕ್ಷರಮಾಲೆ ಬರೆಯಿರಿ, ಒಂದನ್ನೂ ಬಿಡಬಾರದು."

ನಗು ಬಂತು. ಹೆಬ್ಬೆಟ್ಟು ಬರೆಯುವುದೆ?
ನಮ್ಮಮ್ಮ ಹೆಬ್ಬೆಟ್ಟಿನವಳು.
ಲಾಂಡ್ರಿಯ ಸಂಬಳದ ಪುಸ್ತಕದಲ್ಲಿ ಶನಿವಾರ ಶನಿವಾರ
ನೀಲಿ ಶಾಯಿಯ ಒಂದು ಗುರುತು,
ಸೋಪಿನಲ್ಲಿ ಗೆರೆ ಸವೆದು ಬರೀ ಮೋಡ.
ಅದನ್ನು ಒತ್ತಲು ಅವಳಿಗೆ ನಾಚಿಕೆಯಿರಲಿಲ್ಲ.
ಒತ್ತುವಾಗ ಕಾಲು ಮಾತ್ರ
ಬೆಂಚಿನಡಿಗೆ ಎಳೆದುಕೊಳ್ಳುತ್ತಿದ್ದಳು,
ಬೂಟಿನ ಪಕ್ಕ ಕತ್ತರಿಸಿ ಹೊರಗೆ ಬಿಟ್ಟಿದ್ದ ಆ ಗಂಟು
ಕಾರಕೂನನಿಗೆ ಕಾಣದಂತೆ.

ಮೊದಲಕ್ಷರ ಏಣಿ. ಹತ್ತಿ ಇಳಿದೆ,
ಅಡ್ಡಪಟ್ಟಿ ಎಳೆಯುವಾಗ ತಿರುಪೆರಡೂ ಉರಿದವು.
ದುಂಡನೆಯದರ ಬಾಯಿ ಕೂಡಲಿಲ್ಲ.
ಹಾವಿನಂಥದು ಅರ್ಧಕ್ಕೇ ಮಲಗಿತು.
ನಡುವೆ ಎರಡು ಮರೆತೆ, ಮಿಲ್ಯಾರಾಯ್‌ಗೆ ತಿಳಿಯಲಿಲ್ಲ,
ಗಾಳಿಯಲ್ಲಿ ತಪ್ಪು ಹಿಡಿಯುವವರು ಯಾರು!
ಕೊನೆಗೆ ಸೆತಾ. ಒಂದು ಅಡ್ಡ, ಒಂದು ಇಳಿಜಾರು, ಮತ್ತೊಂದು ಅಡ್ಡ.
ನಮ್ಮ ಓಣಿಯ ಮೆಟ್ಟಿಲೇ.

"ಸಾಕು ಇವತ್ತಿಗೆ" ಅಂದಳು.
ಕಾಲು ಇಳಿಸಲಿಲ್ಲ ನಾನು.
ಸೆತಾ ಇದ್ದೇ ಇದೆ, ಅಲ್ಲಿಂದ ಇನ್ನು ನಾಲ್ಕು ಅಷ್ಟೆ.
ಸೊಟ್ಟ, ನಡುಕ, ಮೀನಗಂಡಿಯ ದಾರದ ಹಾಗೆ ಸಿಕ್ಕುಸಿಕ್ಕಾಗಿ
ಬರೆದೆ: ಸೋಯ್ಲಾ.
ನಡುವಿನ ಅಕ್ಷರಕ್ಕೆ ಚುಕ್ಕಿ ಇಡಬೇಕು.
ಆ ಮಹಾರಾಯ ಬಾಗಿದ.
ಕೈ ಹಿಡಿದು ಬಗ್ಗಿಸಿದ್ದಲ್ಲ. ತಾನಾಗಿ, ಒಂದು ಗೋಧಿಕಾಳಿನಷ್ಟು.

"ಇನ್ನೊಂದು ಸಲ ಮಾಡಿ, ಅಳೆಯುತ್ತೇನೆ"
ಎಂದು ಮಿಲ್ಯಾರಾಯ್ ಚೀಲದಲ್ಲಿ ಕೋನಮಾಪಕ ಹುಡುಕುತ್ತಿದ್ದಾಳೆ.
ಬಾಗಿಲು ಬಡಿದ ಸದ್ದು.
ಗಾಸ್ಪಾರ್, ಗೋಲಿ ಎಣಿಸಲು.