ಕೈಕೊಟ್ಟ ಕೈ

ಮಂಗಳವಾರ ಹಾಲಿನ ಹುಡುಗಿ ನೋಲ್ವೆನ್
ಒಂದೂವರೆ ಲೀಟರು ಕೆನೆ ಹೆಚ್ಚಿಗೆ ತಂದಿಟ್ಟಳು.
ಮೇಲಿನ ಊರಲ್ಲಿ ಮದುವೆಯೊಂದು ಮುರಿದುಬಿತ್ತಂತೆ,
ಕೇಕಿನವರು ಬೇಡವೆಂದರಂತೆ.
ಯಾರದೋ ಮದುವೆಯ ಕೆನೆ
ನಮ್ಮ ಫ್ರಿಜ್ಜಿನಲ್ಲಿ ಎರಡು ದಿನ ಸುಮ್ಮನೆ ಕೂತಿತು.

ಗುರುವಾರ ಅಟ್ಟದಿಂದ ಮಿಕ್ಸರ್ ಇಳಿಸಿದೆ.
ಕೊಂಡದ್ದಲ್ಲ, ಮೀನುಗಾರರ ಸಂಘದ
ಕ್ರಿಸ್ಮಸ್ ಚೀಟಿಯಲ್ಲಿ ಬಂದದ್ದು.
ಮೊದಲು ನೊರೆ, ಆಮೇಲೆ ಮೋಡ,
ಆಮೇಲೆ ಎಳೆದ ಗೆರೆ ಎಳೆದಲ್ಲೇ ನಿಲ್ಲುವಷ್ಟು ಗಟ್ಟಿ.
ಕೇಕಿನವರು ಇಲ್ಲಿಗೆ ನಿಲ್ಲಿಸುತ್ತಾರೆ.
ಬೆಣ್ಣೆ ಬೇಕಾದವರು ಇನ್ನೂ ಹೋಗಬೇಕು,
ಚೆಂದ ಕೆಡುವವರೆಗೆ,
ಒಡೆಯುವವರೆಗೆ.

ಒಡೆಯುವ ಮುನ್ನವೇ ಮಿಕ್ಸರ್ ಕೈಕೊಟ್ಟಿತು.
ಒಂದು ಕೆಮ್ಮು, ಸುಟ್ಟ ರಬ್ಬರಿನ ವಾಸನೆ, ಅಷ್ಟೆ.

ತಾಂಗಿ ಕಿಟಕಿಯ ಬಳಿ ಕೂತಿದ್ದ,
ಬಲಗೈಯನ್ನು ಎಡಗೈ ಕೆಳಗೆ ಅದುಮಿಟ್ಟುಕೊಂಡು,
ಸಂತೆಗೆ ಒಯ್ಯುವ ಕೋಳಿಯನ್ನು ಹಿಡಿದ ಹಾಗೆ.
ನಲವತ್ತು ವರ್ಷ ಆ ಕೈ
ಈ ಬ್ರೆಟನ್ ಬಂದರಿನ ದೋಣಿಗಳ ಮೂತಿಯ ಮೇಲೆ
ಹೆಸರು ಬರೆಯಿತು, ಏಣಿಯ ಮೇಲೆ ನಿಂತು,
ದೋಣಿ ಅಲ್ಲಾಡಿದರೂ ಗೆರೆ ಅಲ್ಲಾಡದೆ.
ಮೂರು ವರ್ಷದ ಹಿಂದೆ ‘ಸ್ತೆರೆದೆನ್ ವೋರ್’,
ಕಡಲ ನಕ್ಷತ್ರ ಎಂದು ಬರೆಯುವಾಗ
ಮೊದಲಕ್ಷರದ ಬಾಲ ಹೇಳಿದ ಮಾತು ಕೇಳಲಿಲ್ಲ.
ಒರೆಸಿ ಬರೆದ. ಮತ್ತೆ ಒರೆಸಿ ಬರೆದ.
ಸಂಜೆ ಕುಂಚಗಳನ್ನೆಲ್ಲ ತೊಳೆದು
ಪಕ್ಕದ ಮನೆಯ ಎವೆನ್‌ಗೆ ಕೊಟ್ಟುಬಿಟ್ಟ.

ಈಗ ಅವನ ಕಾಫಿ ಅರ್ಧ ಬಟ್ಟಲಲ್ಲಿ, ಅರ್ಧ ತಟ್ಟೆಯಲ್ಲಿ.
ಸೂಪಿನ ದಿನ ನಾನು ಬೇರೆ ಕಡೆ ನೋಡುತ್ತೇನೆ.
ನೋಡುತ್ತಿಲ್ಲ ಎಂಬುದು ಅವನಿಗೆ ಕಾಣುತ್ತದೆ.

ಸೌತೆಮಿಡಿಯ ಖಾಲಿ ಜಾಡಿಗೆ ಕೆನೆ ತುಂಬಿದೆ, ಅರ್ಧದಷ್ಟೇ,
ಕೆನೆಗೂ ಎದ್ದುಬೀಳಲು ಜಾಗ ಬೇಕಲ್ಲ.
ಮುಚ್ಚಳ ಬಿಗಿದು ಕುಲುಕಿದೆ.
ಐದೇ ನಿಮಿಷಕ್ಕೆ ಭುಜ ಮುನಿಸಿಕೊಂಡಿತು.
“ಕೊಡು ಇಲ್ಲಿ” ಎಂದ.
ಕೊಟ್ಟೆ. ಏನನ್ನೂ ಯೋಚಿಸಿ ಕೊಟ್ಟದ್ದಲ್ಲ,
ಆಣೆ ಮಾಡಿ ಹೇಳುತ್ತೇನೆ.

ಅವನು ಕುಲುಕಲಿಲ್ಲ.
ಇಳಿತದ ಕಡಲು ನೋಡುತ್ತ
ಸುಮ್ಮನೆ ಹಿಡಿದುಕೊಂಡ.
ಕೈ ತನ್ನ ಪಾಡಿಗೆ ತಾನು
ಹಗಲೂ ರಾತ್ರಿ ಮಾಡುವುದನ್ನೇ ಮಾಡುತ್ತಿತ್ತು.
ಡಾಕ್ಟರರ ಲೆಕ್ಕದಲ್ಲಿ ಸೆಕೆಂಡಿಗೆ ಐದು ಸಲ.
ಒಳಗೆ ಕೆನೆ ಮೆತ್ತಗೆ ಗಾಜು ತಟ್ಟುತ್ತಿತ್ತು,
ಕೊನೆಗೆ ತಟ್ಟುವುದೂ ನಿಂತಿತು.
“ಸತ್ತಿತು” ಎಂದ.
“ಇಲ್ಲ, ಯೋಚಿಸುತ್ತಿದೆ” ಎಂದೆ.
ನಡುವೆ ಒಮ್ಮೆ ಜಾಡಿ ತಲೆಕೆಳಗು ಮಾಡಿ
ಮತ್ತೆ ಅವನ ಬೆರಳಿಗೆ ಸಿಕ್ಕಿಸಿದೆ.
ರೇಡಿಯೋದಲ್ಲಿ ಗಾಳಿಯ ಮುನ್ಸೂಚನೆ ಮುಗಿದು
ಮೀನಿನ ದರ ಶುರುವಾಯಿತು.

ಆಗ ಒಂದು ಸದ್ದು,
ಕೆಸರುಮರಳಿನಿಂದ ಬೂಟು ಕಿತ್ತಂತೆ.
ಬೆಳ್ಳಗೆ ಕುರುಡಾಗಿದ್ದ ಗಾಜು ಕಣ್ಣು ಬಿಟ್ಟಿತು.
ನೀರು ನೀರು ಮಜ್ಜಿಗೆಯಲ್ಲಿ
ಹಳದಿ ಉಂಡೆಯೊಂದು ಹೊರಗೆ ಬಿಡಿರೆಂದು ಗುದ್ದುತ್ತಿತ್ತು.

ತಾಂಗಿ ನಕ್ಕ. ಜಾಡಿ ನೋಡಿ ಅಲ್ಲ, ಕೈ ನೋಡಿ,
ಕದ್ದ ಕಳ್ಳನೇ ಬಡ್ಡಿ ತಂದುಕೊಟ್ಟರೆ
ಏನು ಹೇಳಬೇಕೆಂದು ತಿಳಿಯದವನ ನಗು.

ಮೂರು ತಣ್ಣೀರಿನಲ್ಲಿ ತೊಳೆದೆ,
ಮರದ ಸೌಟಿನಲ್ಲಿ ಅದುಮಿ ಅದುಮಿ ಹಿಂಡಿದೆ.
ಬೂದಿಬಣ್ಣದ ದಪ್ಪ ಉಪ್ಪಿನ ಹತ್ತಿರ ಜಗಳವಾಯಿತು.
ಅವನಿಗೆ ಹರಳು ಹಲ್ಲಿಗೆ ಸಿಗಬೇಕು,
ನನಗೆ ಕರಗಿ ಕಾಣದಂತಿರಬೇಕು.
ಮೂವತ್ತೆಂಟು ವರ್ಷದ ಜಗಳ.
ಬೆಣ್ಣೆಯೂ ಅದರ ಮುಳ್ಳು ಮುರಿದಿಲ್ಲ.

“ಮಿಕ್ಸರ್ ರಿಪೇರಿಗೆ ಕೊಡಲೇ?” ಎಂದೆ.
ಉತ್ತರವಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ,
ಚಾಕು ತಟ್ಟೆಗೆ ಕಟಕಟ ತಾಗುತ್ತ,
ಅಂಚು ದಾಟಿ, ಮೇಜಿಗೆ, ಅಂಗಿಯ ತೋಳಿಗೆ.
ನಾನು ಕಣ್ಣು ತೆಗೆಯಲಿಲ್ಲ.

ಉಪ್ಪು ಮಾತ್ರ ಹೆಚ್ಚೇ ಆಗಿತ್ತು.