ಗೆರೆ ದಾಟಿದ ಕೆಂಪು

ಅವ ಯಾಕ ಕೆಂಪಗಿದ್ದ ಅಂತ ಕೇಳಿದ್ರಿ.
ಲಗ್ನದ ಹಂಗಾಮು ಮುಗಿದಿತ್ತು, ಅದಕ್ಕ.
ಕುಂಕುಮ ಬಣ್ಣದ ಶಾಯಿ ಮೂರು ಡಬ್ಬಿ ಉಳಿದಿತ್ತು,
ಆಷಾಢದಾಗ ಯಾರು ಲಗ್ನಪತ್ರಿಕೆ ಹಾಕಸ್ತಾರ?
ಗದಗಿನ ಸ್ಟೇಷನ್ ರಸ್ತೆ ಹಿಂದ, ಎಣ್ಣಿ ಗಾಣದ ಬಾಜೂಕ,
ಹಂಚಿನಾಳ ಮರಿಬಸಪ್ಪನ ಟ್ರೆಡಲ್ ಸುಮ್ಮನ ಕುಂತಿತ್ತು.
ಸುಮ್ಮನ ಕುಂತ ಯಂತ್ರ ಕಂಡ್ರ ಅವನಿಗೆ
ಸುಮ್ಮನ ಕುಂತ ಅಳಿಯನ್ನ ಕಂಡಷ್ಟ ಸಿಟ್ಟು.

ಚಿತ್ರ ಬರೆದಾವ ಬೆಟಗೇರಿಯ ಏಕನಾಥಸಾ ಬಾಕಳೆ,
ಮಗ್ಗದ ಸೀರೆಗೆ ಅಂಚಿನ ನಕ್ಷೆ ತೆಗೆಯೋ ಕೈ.
ಅದಕ್ಕ ನೋಡ್ರಿ, ನಮ್ಮ ವೀರನ ಬೆನ್ನಿಗೆ ಹಾರೋ ಅರಿವೆಗೆ
ಗೋಮಿ ದಡಿ ಇತ್ತು.
ಎಣಿಸಿದ್ರ ಎಳೆ ಸಿಗತಿದ್ವು.

ಹೆಸರು 'ಸಿಡಿಲಣ್ಣ' ಆಗಬೇಕಿತ್ತು.
ದೊಡ್ಡ ಕಟ್ಟಿಗೆ ಅಚ್ಚಿನಾಗ 'ಸಿ' ಇಲಿ ಕಡದಿತ್ತು.
ಮೊಳೆ ಜೋಡಿಸೋ ಮೋದಿನಸಾಬ ಪೆಟ್ಟಿಗೆ ತಡಕಾಡಿ
ಸೀಳದ ಅಕ್ಷರ ಅಷ್ಟ ಆರಿಸಿ ಕಲ್ಲಿನ ಮ್ಯಾಲ ಇಟ್ಟ:
ಗಾಳಿ ಭರಮ.
ಹಿಂಗ ಹುಟ್ಟಿದ. ನಕ್ಷತ್ರದಿಂದ ಬಿದ್ದಾವಲ್ಲ.

ನಾನು ಹನ್ನೊಂದರ ಹುಡುಗಿ, ಮರಿಬಸಪ್ಪನ ತಂಗಿ ಮಗಳು.
ಹದಿನಾರು ಪುಟ ಮಡಚಿ ಪಿನ್ನು ಹೊಡದ್ರ ನೂರಕ್ಕ ನಾಕಾಣೆ.
ಭರಮನ ಮಾರಿ ಮೊದಲ ಮಡಚಿದಾಕಿ ನಾನ,
ಸರಿಯಾಗಿ ಮೂಗಿನ ಮ್ಯಾಲ.

ಮೊದಲ ಅಂಕದಾಗ ಆತ ಜಗತ್ತು ಉಳಿಸಲಿಲ್ಲ.
ಗುಂತಕಲ್ ಪ್ಯಾಸೆಂಜರ್ ಕಣಗಿನಹಾಳದ ಹತ್ತರ ಕೆಟ್ಟು ನಿಂತಿತ್ತು,
ಬೆನ್ನು ಕೊಟ್ಟು ನೂಕಿ ಊರು ಮುಟ್ಟಿಸಿದ,
ಡ್ರೈವರ್ ಕೊಟ್ಟ ಚಾ ಕುಡಿದು
ಕಪ್ಪತಗುಡ್ಡದ ಕಡೆ ಹಾರಿದ.
ವೈರಿ ಯಾರು ಅಂತ ಇನ್ನೂ ಗೊತ್ತಿದ್ದಿಲ್ಲ.
"ಮೊದಲ ಐನೂರು ಪ್ರತಿ ಹೋಗಲಿ," ಅಂದ ಮರಿಬಸಪ್ಪ,
"ಆಮ್ಯಾಲ ವೈರೀನ ತರೂಣು."

ಹೋದದ್ದು ಮುನ್ನೂರ ಎಂಬತ್ತು.
ಉಳಿದದ್ದು ಗಿರಮಿಟ್ಟಿನ ಅಂಗಡಿಯವ ತೂಕಕ್ಕ ಒಯ್ದ.
ಪೊಟ್ಟಣ ಬಿಚ್ಚಿ ಓದಿದ ಹುಡುಗರು ಎಣ್ಣಿ ಕೈಲೆ ಓಡಿ ಬಂದ್ರು:
"ರೈಲಿನ ತನಕಾ ಐತ್ರಿ. ಚಾ ಕುಡದ್ನೋ ಇಲ್ಲೋ?"
ಎರಡನೇ ಅಂಕ ಸಾವಿರ ಹೊಡೀಬೇಕಾತು.

ನೀಲಿ ಮೊದಲು, ಕೆಂಪು ಆಮ್ಯಾಲ,
ಒಂದ ಹಾಳಿ ಎರಡು ಸಲ ಯಂತ್ರದ ಬಾಯಿಗೆ.
ಎರಡನೇ ಸಲ ಕೂದಲೆಳೆಯಷ್ಟು ಅಲ್ಲಾಡತಿತ್ತು,
ಕೆಂಪು ಗೆರೆ ದಾಟಿ ಹೊರಗ ಬೀಳತಿತ್ತು.
ಮೋದಿನಸಾಬಗ ಊಟ ಸೇರವಲ್ದಾತು.
ಆಗ ಅಣ್ಣಿಗೇರಿಯ ಒಬ್ಬ ಹುಡುಗ ಕಾರ್ಡು ಬರೆದ:
'ಭರಮ ಎಷ್ಟು ಜೋರು ಹಾರತಾನಂದ್ರ
ಅವನ ಬಣ್ಣ ಹಿಂದ ಉಳೀತೈತಿ.'
ಆ ಕಾರ್ಡು ಮೊಳೆಪೆಟ್ಟಿಗೆ ಮ್ಯಾಲ ಅಂಟಿತು.
ಅವತ್ತಿನಿಂದ ಹಾಳಿ ನೆಟ್ಟಗ ಕುಂತ್ರ
ತಾನ ಬೆರಳಿಲೆ ಒಂಚೂರು ಸರಿಸತಿದ್ದ.

ಏಳನೇ ಅಂಕಕ್ಕ ಕಾಗದದ ಸಾಲ ಕುತ್ತಿಗಿಗೆ ಬಂತು.
ಹುಬ್ಬಳ್ಳಿ ದಾಜಿಬಾನ ಪೇಟೆ ಸಾವುಕಾರ ಬಂದು
ಭರಮನ್ನ ಕೇಳಿದ, ಹೆಸರು, ಸೆರಗು, ಬ್ಲಾಕು ಸಹಿತ.
ಏಕನಾಥಸಾ ಸಹಿ ಹಾಕಿದ್ದು ಕೆಟ್ಟ ಲಗ್ನಪತ್ರಿಕೆ ಹಿಂದ,
'ತಮ್ಮ ಆಗಮನಾಭಿಲಾಷಿಗಳು' ಅನ್ನೋದು
ಆ ಕಡೆಯಿಂದ ತಲೆಕೆಳಗ ಮೂಡಿತ್ತು.
ಎಪ್ಪತ್ತೈದು ರೂಪಾಯಿ, ಒಂದು ಹಳೇ ಸೈಕಲ್.
ಸೈಕಲ್ಲಿಗೆ ಘಂಟಿ ಇದ್ದಿಲ್ಲ.
ಬೆಟಗೇರಿ ತನಕಾ ಬಾಯಿಲೆ "ಸರೀರಿ, ಸರೀರಿ" ಅನಕೋತ ಹೋದ.

ಹುಬ್ಬಳ್ಳಿ ಅಂಕ ನುಣುಪು ಕಾಗದದ್ದು, ನಾಕು ಬಣ್ಣ.
ದಡಿ ಇಲ್ಲದ ಬೋಳು ಅರಿವೆ,
ವೈರಿಗೆ ರಾಕೆಟ್ಟು, ಭರಮಗ ಬೂಟು.
ಮೋದಿನಸಾಬ ಬೂದಗಾಜು ಹಿಡಿದು ಪುಟ ಪುಟ ನೋಡಿದ.
"ಸ್ವಚ್ಛ ಐತಿ," ಅಂದ.
ತಿರಗಿ ಮೊದಲಿನ ಪುಟಕ್ಕ ಬಂದ.
"ಹಾರವಲ್ಲ."

ತುಳಸಿ ಲಗ್ನ ಮುಗಿದ ಮರುದಿನ ಕುಂಕುಮದ ಡಬ್ಬಿ ತೆಗೆದ್ರು.
ಲಕ್ಕುಂಡಿ ಬೀಗರ ಪತ್ರಿಕೆ.
ಮದುಮಗಳ ಹೆಸರು ಗೆರೆ ಬಿಟ್ಟು ಬಲಕ್ಕ ಸರಿದಿತ್ತು,
ಮರಿಬಸಪ್ಪ ಬೈದ,
ಮೋದಿನಸಾಬ ಕೈ ಒರಸಕೋತ ಗ್ವಾಡಿ ಕಡೆ ನೋಡಿದ.
ಬೀಗರಿಗೆ ಗೊತ್ತಾಗಲಿಲ್ಲ.
ನಾನು ಮಡಚಿದೆ. ನೂರಕ್ಕ ನಾಕಾಣೆ.