ಬೆಳಗಾವಿಯಲ್ಲಿ ಇಳಿದದ್ದು

ಹನ್ನೊಂದು ವರ್ಷದಿಂದ ಈ ರೂಟು ನನ್ನದು.
ಸಂಜೆ ಕೊಳ್ಳೇಗಾಲ ಬಿಟ್ಟರೆ
ಬೆಳಕು ಹರಿಯುವ ಹೊತ್ತಿಗೆ ಬೆಳಗಾವಿ.
ಎಲ್ಲರನ್ನೂ ಇಳಿಸಿದ್ದೇನೆ ಇಲ್ಲಿ:
ರಜೆ ಮುಗಿದ ಸಿಪಾಯಿಗಳನ್ನ, ಮದುವೆಯವರನ್ನ,
ಚೀಲದೊಳಗಿನ ಹುಂಜಕ್ಕೆ ಟಿಕೆಟ್ ಯಾಕೆಂದು
ಅರಸೀಕೆರೆಯಿಂದ ಜಗಳ ಹಿಡಿದ ಅಜ್ಜನನ್ನ.
ನಾನು ಇಳಿದಿರಲಿಲ್ಲ.
ಲೆಕ್ಕ ಕಟ್ಟಿ, ಡಿಪೋದ ಕಬ್ಬಿಣದ ಮಂಚಕ್ಕೆ ಬಿದ್ದು
ಸಂಜೆ ಎದ್ದರೆ ಅದು ಇಳಿದ ಲೆಕ್ಕವೇ?

ಬೆಳಗಾವಿ ಹೇಗಿದೆ ಅಂತ ಚೆನ್ನಾಜಿ ಕೇಳಿದಾಗೆಲ್ಲ
"ಬಸ್‌ಸ್ಟ್ಯಾಂಡ್ ದೊಡ್ಡದು" ಅಂದಿದ್ದೇನೆ.

ಇವತ್ತು ನಿದ್ದೆ ಬರಲಿಲ್ಲ.
ಪಕ್ಕದ ಮಂಚದಲ್ಲಿ ಡ್ರೈವರ್ ಕೆಂಪರಾಜು
ಕನಸಿನಲ್ಲೂ ಗೇರು ಬದಲಿಸುತ್ತಿದ್ದ.
ಖಾಕಿಯ ಮೇಲೆ ಸ್ವೆಟರ್ ಎಳೆದುಕೊಂಡು ಹೊರಬಿದ್ದೆ.
ಡಿಸೆಂಬರಿನ ಚಳಿ. ಬಾಯಿಂದ ಬಂದ ಹೊಗೆ
ನನ್ನದೋ ಚಹಾದ್ದೋ ತಿಳಿಯದು.

"ಸುಮ್ನೆ ಕೂರೋಕೆ ಎಲ್ಲಾದ್ರೂ ಜಾಗ ಇದೆಯಾ?"
ಚಹಾದವನು ಬಸಿ ಒರೆಸುತ್ತ ಅಂದ,
"ಡಿಪೋಕ್ಕ ಹೋಗ್ರಿ."
"ಡಿಪೋದಿಂದಲೇ ಬಂದೆನಲ್ಲಪ್ಪ."
"ಅದಲ್ರೀ, ವ್ಯಾಕ್ಸಿನ್ ಡಿಪೋ. ಗಿಡಾ ಅದಾವು."

ನಮ್ಮ ಕಡೆ ಗಿಡ ಅಂದರೆ ಮೊಣಕಾಲುದ್ದ,
ದಾಟಿಕೊಂಡು ಹೋಗಬಹುದು.
ಇಲ್ಲಿನ ಗಿಡಗಳ ತುದಿ ನೋಡಲು ಹೋಗಿ
ಕತ್ತು ಹಿಂದಕ್ಕೆ ಮಡಚಿ, ಮಫ್ಲರ್ ಜಾರಿತು.
ಬಸ್ಸಿಲ್ಲದ ಡಿಪೋ.
ಹಾರ್ನಿಲ್ಲ, ಡೀಸೆಲ್ ವಾಸನೆಯಿಲ್ಲ,
ಬೇರಿನ ಮೇಲೆ ಕೂತು ಬೂಟು ಬಿಚ್ಚಿದೆ.
ಮೂವರು ಮುದುಕರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ
ಯಾರದೋ ಮೊಣಕಾಲಿನ ಆಪರೇಷನ್ನು ಚರ್ಚಿಸುತ್ತಿದ್ದರು.
ನನಗೆ ಅರ್ಧ ಕಾಲು ಮಾತ್ರ ಅರ್ಥವಾಯಿತು.

ಆಮೇಲೆ ಕೋಟೆ ಕೆರೆ. ನೀರಿನ ಸುತ್ತ ಒಂದು ಸುತ್ತು.
ಹುಲ್ಲಿನ ಮೇಲೆ ಕೂತ ಹುಡುಗ ಹುಡುಗಿಗೆ
ಕಾವಲುಗಾರ ಸೀಟಿ ಊದಿದ.
ಅವರು ಅಲುಗಲಿಲ್ಲ. ನನ್ನ ಕಾಲು
ತಾನೇ ತಾನಾಗಿ ಹೊರಟುಬಿಟ್ಟಿತು, ರೈಟ್ ಅಂದ ಬಸ್ಸಿನಂತೆ.
ನಾಚಿಕೆಯಾಗಿ, ಬೇಕೆಂದೇ ನಿಂತು, ಇನ್ನೊಂದು ಸುತ್ತು ಹಾಕಿದೆ.

ಮಧ್ಯಾಹ್ನ ಖಾನಾವಳಿ.
ಖಡಕ್ ರೊಟ್ಟಿ, ಎಣಗಾಯಿ, ಗುರೆಳ್ಳು ಹಿಂಡಿ,
ಮೊಸರಿನ ಮೇಲೆ ಬೆರಳಿಟ್ಟರೆ ತಡೆಯುವ ಕೆನೆ.
ಮುದ್ದೆ ನುಂಗಿ ಬೆಳೆದ ಗಂಟಲು ನನ್ನದು;
ಮುರಿ, ಅದ್ದು, ಜಾರಿಸು, ಏಳು:
ಹಸಿವೆಂಬ ಸ್ಟಾಪಿನಲ್ಲಿ ಎರಡೇ ನಿಮಿಷ.
ರೊಟ್ಟಿ ಜಾರಲಿಲ್ಲ. ಕಟಂ ಅಂತು. ಕಾಯಿಸಿತು.
ಬಡಿಸುತ್ತಿದ್ದ ಗಂಗವ್ವ ನೋಡಿ ನಕ್ಕಳು,
"ಯಾರ್ ಬೆನ್ನ ಹತ್ಯಾರ್ರೀ? ಸಾವಕಾಶ ನುರಿಸ್ರಿ."
ದವಡೆ ನೋಯುವ ತನಕ ನುರಿಸಿದೆ.
ಜೋಳಕ್ಕೊಂದು ಸಿಹಿ ಇದೆಯಂತೆ, ಕೊನೆಯಲ್ಲಿ ಬರುತ್ತದೆ.
ಹಾವೇರಿ, ಧಾರವಾಡ, ಕಿತ್ತೂರು
ನಾನು ಕತ್ತಲಲ್ಲಿ ನುಂಗಿ ಬಂದ ಊರುಗಳಿಗೂ
ಇರಬಹುದು.

ಗಲ್ಲೆಯಲ್ಲಿ ಚಿಲ್ಲರೆ ಇರಲಿಲ್ಲ.
"ಐದ್ ರೂಪಾಯಿ ಬಾಕಿ. ಮತ್ತ ಬರ್ತೀರಲ್ಲ?"
ಎಷ್ಟು ಸಾವಿರ ಜನಕ್ಕೆ ನಾನು
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಮಾತು!
ಪೆನ್ನು ತೆಗೆದು ನಾನೇ ಬರೆದುಕೊಂಡೆ: ಗಂಗವ್ವ, ೫.

ಇಳಿಹೊತ್ತಿನಲ್ಲಿ ಕುಂದಾ ಅಂಗಡಿ.
ಹುಡುಗ ಕಾಗದದ ಚೂರಿನಲ್ಲಿ ರುಚಿಗೆ ಕೊಟ್ಟ.
ಹಾಲು ಇಷ್ಟು ಕೆಂಪಾಗಲು ಎಷ್ಟು ಹೊತ್ತು ಬೇಕೆಂದೆ.
"ನಿಂತವ್ರನ್ನ ಕೇಳ್ಬೇಕ್ರಿ," ಅಂದ,
"ನಾ ಬರೇ ತೂಗಾಂವ."
ಕಾಲು ಕಿಲೋ ಕಟ್ಟಿಸಿದೆ. ಮತ್ತೆ ಅರ್ಧ ಮಾಡಿಸಿದೆ.
ಚೆನ್ನಾಜಿ ಈ ಸಲ ಕೇಳಿದರೆ
ಬಾಯಲ್ಲಿ ಒಂದು ಚೂರು ಇಡುವುದು. ನುರಿಸು ಅನ್ನುವುದು.

ಏಳೂ ಮುಕ್ಕಾಲು.
ಕೆಂಪರಾಜು ಗಾಜು ಒರೆಸುತ್ತ ಗದರಿದ,
"ಎಲ್ಲಾಳಾಗೋಗಿದ್ದಯ್ಯಾ ಬೆಳಗಿಂದ?"
ಚೀಲ ಹೆಗಲಿಗೇರಿಸಿ,
ಜೇಬಿನಲ್ಲಿ ಐದು ರೂಪಾಯಿಯ ಊರೊಂದನ್ನು ಮುಟ್ಟಿ ನೋಡಿ
ಅಂದೆ,
"ಎಲ್ಗೋಗ್ಲಿ, ಡಿಪೋದಲ್ಲೇ ಇದ್ದೆ."